ಒಲೆದೇವರ ಬಾಯಿಗೆ ಮೆತ್ತಿದ ಸಿಹಿ

ಚೀನಾ ದೇಶದ ಒಂದು ಹೊಳೆದಂಡೆಯ ಆಶ್ರಮದಲ್ಲಿ ಪುಜಿಂಗ್ ಎಂಬ ಶಿಷ್ಯ ಅಡುಗೆ ಮಾಡಿಕೊಂಡಿದ್ದ.

ಆ ಸೀಮೆಯ ಅಡುಗೆಮನೆಗಳಲ್ಲಿ ಒಲೆದೇವರ ಕಾಗದದ ಚಿತ್ರ ಅಂಟಿಸಿರುತ್ತಾರೆ. ಹೊಸ ವರ್ಷಕ್ಕೆ ಮುಂಚೆ ಅದನ್ನು ಸುಟ್ಟರೆ ದೇವರು ಮೇಲಕ್ಕೆ ಹೋಗಿ, ಮನೆಯವರು ವರ್ಷವಿಡೀ ಮಾಡಿದ್ದನ್ನೆಲ್ಲ ಸ್ವರ್ಗದ ದೊರೆಗೆ ಒಪ್ಪಿಸುತ್ತಾನಂತೆ. ಚಾಡಿ ಹೇಳದಿರಲಿ ಎಂದು ಜನ ಅವನ ತುಟಿಗೆ ಹಬ್ಬದ ನಿಯೆನ್‌ಗಾವ್ ಸವರುತ್ತಾರೆ. ಅಂಟಕ್ಕಿ ಹಿಟ್ಟಿಗೆ ಬೆಲ್ಲ ಕಲಸಿ ಹಬೆಯಲ್ಲಿ ಬೇಯಿಸಿದ ಸಿಹಿ ಅದು. ಹಲ್ಲಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ದೇವರಿಗೂ ಲಂಚ ತಿನ್ನಿಸುವ ಜಾಣರು ಯಾವ ದೇಶದಲ್ಲಿಲ್ಲ?

ಎಲ್ಲರೂ ಚಿಟಿಕೆಯಷ್ಟು ಸವರಿದರೆ, ಪುಜಿಂಗ್ ಆ ವರ್ಷ ಮುಷ್ಟಿ ತುಂಬ ಮೆತ್ತಿದ.

ಗುರು ಬಾಗಿಲಲ್ಲಿ ನಿಂತು ನೋಡಿದರು. "ಮೂಗೂ ಮುಚ್ಚಿಹೋಯಿತಲ್ಲೋ. ದೇವರು ಉಸಿರಾಡುವುದು ಬೇಡವೇ?"

"ಭಕ್ತಿ, ಗುರುಗಳೇ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನೇ ಸೇರಿಸಿದ: "ಮುಚ್ಚಿಡುವಂಥದ್ದು ನನ್ನಲ್ಲೇನೂ ಇಲ್ಲ."

"ನಾನು ಕೇಳಲಿಲ್ಲ," ಎಂದರು ಗುರು.

ಅಷ್ಟರಲ್ಲಿ ವೂ ಎಂಬ ಮುದುಕಿ ಖಾಲಿ ಬಟ್ಟಲು ಹಿಡಿದು ಬಂದಳು. ಅಂಬಿಗನಾಗಿದ್ದ ಅವಳ ಮಗ ಶೆಂಗ್, ಮಳೆಗಾಲ ಮುಗಿದ ಮೇಲಿನ ಒಂದು ಮಂಜಿನ ಸಂಜೆ ದೋಣಿಯ ಸಮೇತ ಕಾಣೆಯಾಗಿದ್ದ. ಆ ಸಂಜೆ ಹೊಳೆಯ ಕಡೆಯ ಬಾಗಿಲು ಕಾಯುತ್ತಿದ್ದವನು ಪುಜಿಂಗ್. ತನಗೆ ಏನೂ ಕೇಳಿಸಲಿಲ್ಲವೆಂದು ಎಲ್ಲರಿಗೂ ಹೇಳಿದ್ದ.

"ಸ್ವಾಮಿ, ಹಬ್ಬದ ದಿನ ಮಗನ ಪಾಲಿನ ಸಿಹಿ ಎಲ್ಲಿಡಲಿ?" ಎಂದು ಮುದುಕಿ ಕೇಳಿದಳು. "ನನ್ನ ಪಕ್ಕದಲ್ಲೋ, ತೀರಿಹೋದ ಹಿರಿಯರ ಮುಂದೋ? ಬದುಕಿರುವವನನ್ನು ಸತ್ತವರ ಸಾಲಿಗೆ ಸೇರಿಸಿದರೆ ಪಾಪ. ಸತ್ತವನನ್ನು ಉಪವಾಸ ಕೆಡವಿದರೆ ಅದೂ ಪಾಪ."

ಗುರು ಒಲೆಯ ಕಡೆ ತಿರುಗಿದರು. "ಪುಜಿಂಗ್, ಮೊದಲು ದೇವರನ್ನು ಕಳಿಸು."

ಪುಜಿಂಗ್ ಚಿತ್ರವನ್ನು ಕೆಂಡದ ಮೇಲಿಟ್ಟ. ಕಿರೀಟ ಸುಟ್ಟಿತು, ಗಡ್ಡ ಸುಟ್ಟಿತು, ಕೈಗಳು ಸುಟ್ಟವು. ಸಿಹಿ ಮೆತ್ತಿದ ತುಟಿ ಮಾತ್ರ ಸುಡಲಿಲ್ಲ. ಬೂದಿಯ ಮೇಲೆ ಬರೀ ಒಂದು ಬಾಯಿ ಉಳಿಯಿತು.

ಕಾವಿಗೆ ಅದು ಉಬ್ಬಿತು. ಬಿರಿಯಿತು. ಮುಚ್ಚಿಕೊಂಡಿತು. ಮತ್ತೆ ಬಿರಿಯಿತು. ಒಳಗಿನಿಂದ ಗುಳುಗುಳು ಸದ್ದು, ನೀರಿನಡಿಯಲ್ಲಿ ಯಾರೋ ಉಸಿರು ಬಿಟ್ಟಂತೆ.

ಪುಜಿಂಗ್ ಒಲೆಯಿಂದ ಹಿಂದಕ್ಕೆ ಸರಿದ. "ಗುರುಗಳೇ, ಅದು ಮಾತಾಡುತ್ತಿದೆ."

"ನನಗೆ ಬೆಲ್ಲ ಸೀದ ವಾಸನೆಯಷ್ಟೇ ಬರುತ್ತಿದೆ. ನಿನಗೇನು ಕೇಳಿಸುತ್ತಿದೆ?"

"ನನ್ನ ಹೆಸರು."

"ಹಿಂದೆಂದಾದರೂ ಹೀಗೆ ಕೇಳಿದ್ದೆಯಾ?"

ಪುಜಿಂಗ್ ಮುದುಕಿಯ ಕಾಲ ಬಳಿ ಕುಸಿದ.

"ಅಮ್ಮಾ, ಶೆಂಗ್ ಮಂಜಿನೊಳಗಿಂದ ನನ್ನ ಹೆಸರು ಹಿಡಿದು ಕೂಗಿದ. ಹೊಳೆಯಿಂದ ಹೆಸರು ಹಿಡಿದು ಕರೆಯುವುದು ಮುಳುಗಿದವರ ಪ್ರೇತ, ಓಗೊಟ್ಟರೆ ಎಳೆದುಕೊಳ್ಳುತ್ತದೆ ಅಂತಾರಲ್ಲ, ಹೆದರಿ ಅಗಳಿ ಹಾಕಿದೆ. ಆಮೇಲೆ ಅವನದೇ ದನಿ ಅಂತ ಗೊತ್ತಾಯಿತು. ಆಗಲೂ ಬಾಗಿಲು ತೆಗೆಯಲಿಲ್ಲ. ನಿಧಾನಕ್ಕೆ ಕೂಗು ನಿಂತುಹೋಯಿತು."

ಮುದುಕಿ ಅವನತ್ತ ಬಾಗಿದಳು.

"ಅಮ್ಮಾ ಅಂದನಾ?"

"ಕೊನೆಗೆ ಅಂದ."

"ಹಾಗಾದರೆ ಹಿರಿಯರ ಮುಂದೆ," ಎಂದಳು ಅವಳು. ಮಗ ಹೋದ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗ.

ಒಲೆಯೊಳಗಿನ ಬಾಯಿ ಕರಕಲಾಯಿತು. ಸದ್ದು ಮಾತ್ರ ನಿಲ್ಲಲಿಲ್ಲ. ಈಗ ಅದು ಕಿಟಕಿಯ ಆಚೆಯಿಂದ, ಹೊಳೆಯ ಕಡೆಯಿಂದ ಬರುತ್ತಿತ್ತು.

"ಗುರುಗಳೇ, ನಾನಿನ್ನೇನು ಮಾಡಲಿ?"

ಗುರು ಮುದುಕಿಯ ಬಟ್ಟಲಿಗೆ ಸಿಹಿ ತುಂಬಿ ಅವನ ಕೈಗಿಟ್ಟರು. ಹೊರಗೆ ಮಂಜು ಇಳಿಯುತ್ತಿತ್ತು.

"ಈ ತಾಯಿಯ ಮನೆತನಕ ಹೊತ್ತುಕೊಂಡು ಹೋಗು. ಬರುವಾಗ ದಂಡೆಯ ಮೇಲೆ ನೀನೊಬ್ಬನೇ ಬರಬೇಕು. ಯಾರಾದರೂ ಹೆಸರು ಹಿಡಿದು ಕರೆದರೆ, ಈ ಸಲ ಓಗೊಡು."