ತವರಿನ ಗೊಂಚಲು ಗುಲಾಬಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಾನೂ ನಿನ್ನ ಹಾಗೆ ನಮ್ಮಜ್ಜಿ ಸೆರಗು ಹಿಡ್ಕೊಂಡು ಮಲಗ್ತಿದ್ದ ಕಾಲಕ್ಕೂ ಮುಂಚೆ, ಚೆನ್ನಾಜಮ್ಮ ಅಂತ ಒಬ್ಬಳಿದ್ದಳಂತೆ. ಅವಳನ್ನ ಮದುವೆ ಮಾಡಿ ಕಳಿಸೋವಾಗ ಅವಳ ಅವ್ವ ಮಡಿಲಕ್ಕಿ ಜೊತೆಗೆ ಹಿತ್ತಲಿನ ಗೊಂಚಲು ಗುಲಾಬೀದೂ ಒಂದು ಕಡ್ಡಿ ಹಾಕಿದ್ದಳಂತೆ. ಅದನ್ನ ಗಂಡನ ಮನೆ ಹಿತ್ತಲಲ್ಲಿ ಊರಿದಳು, ಚಿಗುರಿತು, ಆಮೇಲೆ ರೆಂಬೆ ರೆಂಬೆ ತುದೀಲೂ ಹೂವಿನ ರಾಶಿ. ಉದ್ದ ಕಡ್ಡಿಗೆ ಒಂದೇ ಹೂವು ಇಟ್ಕೊಂಡು ಬೀಗೋ ಅಂಗಡಿ ಗುಲಾಬಿ ಅಲ್ಲ ಮಗಾ ಅದು, ಒಂದು ಗೊಂಚಲು ಕಿತ್ತರೆ ಮನೆ ಹೆಂಗಸರಿಗೆಲ್ಲ ಸಾಕಾಗೋದಂತೆ.

ಆಮೇಲೆ ಅವ್ವ ತೀರಿಕೊಂಡಳು, ತವರುಮನೇನೂ ಬೇರೆಯವರ ಪಾಲಾಯ್ತು, ಅಲ್ಲೀದು ಅಂತ ಉಳಿದಿದ್ದು ಆ ಗಿಡ ಒಂದೇ. ಬೆಳಿಗ್ಗೆ ಅದರ ಹತ್ರ ನಿಂತರೆ ಅವ್ವ ಹಾಡ್ತಾ ಹಾಡ್ತಾ ಹೂ ಕೀಳ್ತಿದ್ದದ್ದು ನೆನಪಾಗಿ ಚೆನ್ನಾಜಮ್ಮನ ಕಣ್ಣು ತುಂಬೋದಂತೆ. ಮಡಿಲಲ್ಲಿ ಬಂದದ್ದು ಮಗು ಇದ್ದ ಹಾಗೆ, ಮಗೂಗೆ ಯಾರಾದರೂ ಕತ್ತಿ ಮುಟ್ಟಿಸ್ತಾರಾ ಅಂತ ಒಂದು ಕಡ್ಡೀನೂ ಕತ್ತರಿಸೋಕೆ ಬಿಡ್ತಿರಲಿಲ್ಲ. ಗಿಡ ಬೆಳೆದೂ ಬೆಳೆದೂ ಮೇಲಕ್ಕೆ ಹೋಯ್ತು, ಕೆಳಗೆಲ್ಲ ಒಣಗಿ ಬೋಳಾಯ್ತು, ಕೊನೆಗೆ ಒಂದು ವರ್ಷ ಹೂವೇ ಬಿಡಲಿಲ್ಲವಂತೆ. ಇದೂ ಹೋದರೆ ನನಗೆ ತವರು ಅನ್ನೋದೇ ಇರಲ್ಲ ಅಂತ ಅವಳು ಊಟ ಬಿಟ್ಟು ಕೂತಳು.

ಅವಳಿಗೆ ಮೂರು ಜನ ಸೊಸೆಯಂದಿರು. ಹಿರಿಯವಳು ಅತ್ತೆ ಸಂಕಟ ನೋಡಲಾರದೆ ಹಸೀ ಸಗಣಿ ತಂದು ಬುಡಕ್ಕೆ ಗುಡ್ಡೆ ಹಾಕಿದಳಂತೆ, ಆ ಬಿಸಿಗೆ ಎಲೆ ಸೀದುಹೋಯ್ತು. ನಡುವಿನವಳು ತಂಪಾಗಲಿ ಅಂತ ಸಂಜೆ ಸಂಜೆ ಗಿಡದ ತಲೆ ಮೇಲೇ ಕೊಡಗಟ್ಟಲೆ ನೀರು ಸುರಿದಳು, ಉಳಿದಿದ್ದ ಎಲೆಗೂ ಕಪ್ಪು ಚುಕ್ಕೆ ಬಿದ್ದು ಉದುರಿಹೋಯ್ತು. ಪಾಪ, ಇಬ್ಬರದೂ ಪ್ರೀತೀನೇ. ಆದರೆ ಜ್ವರ ಬಂದಾಗ ನಿನಗೆ ಹೋಳಿಗೆ ತಿನ್ನಿಸಿದರೆ ಆಗುತ್ತಾ ಹೇಳು?

ಕಿರಿಯವಳು ಮುದ್ದಮ್ಮ, ಹೂತೋಟದವರ ಮನೆಯವಳು, ಹುಟ್ಟುತ್ತಲೇ ತಾಯಿ ಕಳ್ಕೊಂಡವಳು. ಅವಳು ಗಿಡಾನ ಸುತ್ತಲೂ ನೋಡಿ, ಅತ್ತೆಮ್ಮ, ಇದಕ್ಕೆ ಕುಡುಗೋಲು ಬೇಕು ಅಂದಳಂತೆ. ಚೆನ್ನಾಜಮ್ಮ ಕೆಂಡಾಮಂಡಲವಾದಳು. ನಿನಗೆ ಅವ್ವ ಅಂದ್ರೇನು ಅಂತ ಗೊತ್ತಿದ್ದರೆ ಇಂಥ ಮಾತು ಬರ್ತಿರಲಿಲ್ಲ ಅಂದುಬಿಟ್ಟಳು. ಮುದ್ದಮ್ಮ ತಲೆ ತಗ್ಗಿಸಿ, ನಿಮಗೆ ಗೊತ್ತಲ್ಲ ಅತ್ತೆಮ್ಮ, ನಿಮ್ಮ ಅವ್ವ ಆ ಹಿತ್ತಲ ಗಿಡಾನ ಹೆಂಗೆ ನೋಡ್ಕೋತಿದ್ರು, ಒಂದ್ಸಲ ಹೇಳಿ ಅಂದಳಂತೆ.

ಚೆನ್ನಾಜಮ್ಮ ಜಗಲಿ ಮೇಲೆ ಕೂತು ನೆನೆಸ್ಕೊಂಡಳು. ಮಳೆ ನಿಂತ ಮೇಲೆ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿತ್ತಲಿಗೆ ಹೋಗ್ತಿದ್ದಳು, ಕೈಯಲ್ಲಿ ಕುಡುಗೋಲು. ಒಣಕಡ್ಡಿ ರಾಶಿ ಬೀಳೋದು, ಕತ್ತರಿಸಿದ ತುದಿಗೆ ಸಗಣಿ ಮೆತ್ತೋಳು. ಅಷ್ಟೇ ಅಲ್ಲ, ಮಡಿಲಿಗೆ ಹಾಕಿದ ಆ ಕಡ್ಡಿ ಆದರೂ ಎಲ್ಲಿಂದ ಬಂತು, ಅವ್ವನೇ ಗಿಡದಿಂದ ಕತ್ತರಿಸಿ ಕೊಟ್ಟದ್ದಲ್ಲವಾ. ಇಷ್ಟು ವರ್ಷ ಅವ್ವನ ನೆನಪು ಅಂತ ಅಪ್ಪಿಕೊಂಡು ಅವ್ವನ ಕೆಲಸಾನೇ ಮರೆತೆನಲ್ಲ ಅಂತ ಅತ್ತಳಂತೆ. ಆಮೇಲೆ ತಾನೇ ಎದ್ದು ಕುಡುಗೋಲು ತಂದು ಕೊಟ್ಟಳು.

ಮುದ್ದಮ್ಮ ಒಣಗಿದ್ದನ್ನೆಲ್ಲ ತೆಗೆದು, ಹೊರಗೆ ಮುಖ ಮಾಡಿದ ಚಿಗುರುಗಣ್ಣು ನೋಡಿ ಅದರ ಮೇಲೆ ಓರೆಯಾಗಿ ಕತ್ತರಿಸಿ, ಬುಡಕ್ಕೆ ಮಾತ್ರ ನೀರು ಹಾಕಿದಳಂತೆ. ಚೆನ್ನಾಜಮ್ಮ ದಿನಾ ಹೋಗಿ ಬೋಳು ಕಡ್ಡಿ ನೋಡಿ ಎದೆ ಹಿಡ್ಕೊಂಡು ಬರೋಳು. ಒಂದು ಬೆಳಿಗ್ಗೆ ಕೆಂಪು ಚಿಗುರು ಕಂಡಿತು, ಆಮೇಲೆ ಮೊಗ್ಗು, ಸಂಕ್ರಾಂತಿ ಹೊತ್ತಿಗೆ ಗಿಡದ ತುಂಬಾ ಗೊಂಚಲೇ ಗೊಂಚಲು.

ಹಿರಿಯ ಸೊಸೆಯಂದಿರಿಬ್ಬರೂ ಗೊಂಚಲು ಮುಡ್ಕೊಂಡು ಹಬ್ಬಕ್ಕೆ ತವರಿಗೆ ಹೊರಟರು. ತಾಯಿ ಇಲ್ಲದ ಮುದ್ದಮ್ಮನನ್ನ ಕರೆಯೋರು ಯಾರು? ಬಾಗಿಲಲ್ಲಿ ನಿಂತು ಅವರು ಹೋಗೋದನ್ನೇ ನೋಡ್ತಿದ್ದಳಂತೆ. ಚೆನ್ನಾಜಮ್ಮ ಹಿಂದಿನಿಂದ ಬಂದು ಅವಳ ಕೈ ಹಿಡಿದು, ಅವತ್ತು ನನ್ನ ಬಾಯಿಂದ ಬರಬಾರದ ಮಾತು ಬಂತು ಕಣವ್ವ, ನನ್ನ ತವರು ಉಳಿಸಿಕೊಟ್ಟವಳು ನೀನು, ಇನ್ಮೇಲೆ ಅದು ನಿನ್ನ ತವರೂ ಹೌದು, ನನ್ನನ್ನ ಅತ್ತೆಮ್ಮ ಅನ್ನಬೇಡ, ಅವ್ವ ಅನ್ನು ಅಂದಳಂತೆ. ಆ ಹುಡುಗಿ ಹುಟ್ಟಿದಾಗಿಂದ ಯಾರನ್ನೂ ಕರೆಯದೆ ಇದ್ದ ಆ ಹೆಸರಿಂದ ಅವತ್ತು ಮೊದಲನೇ ಸಲ ಅವಳನ್ನ ಕರೆದಳಂತೆ.

ಆಮೇಲೆ ಅವರೆಲ್ಲ ಸುಖವಾಗಿದ್ದರು. ಕತೆ ಅಲ್ಲಿಗೆ ಮುಗೀತು ಮಗಾ, ಇನ್ನು ಹೊದ್ಕೊಂಡು ಮಲಗು.