ಬೆಳ್ಳಿಯ ಎಲೆಯ ಹಿಂಬದಿ

ಬಿಸಿಲು ನೆತ್ತಿಗೇರಿ, ಬೇಟೆಯೂ ಬೇಡ ಮೇವೂ ಬೇಡ ಅನ್ನಿಸುವ ಮಧ್ಯಾಹ್ನಗಳಲ್ಲಿ ಆ ಕಾಡಿನ ಪ್ರಾಣಿಗಳು ಏನು ಮಾಡುತ್ತಿದ್ದವು ಗೊತ್ತೇ ಮಕ್ಕಳೇ? ಕೆರೆದಂಡೆಯ ಹೊಂಗೆ ಮರದ ಕೆಳಗೆ ಕೂತು ಕತೆಯಾಟ ಆಡುತ್ತಿದ್ದವು.

ಮುದಿ ಆಮೆ ಚಿಪ್ಪಜ್ಜ ಒಂದು ಕತೆ ಹೇಳುತ್ತಿದ್ದ. ಉಳಿದವರು ಕತೆಯೊಳಗಿನ ಪಾತ್ರಗಳಾಗಿ, "ನಾನೀಗ ಹೀಗೆ ಮಾಡ್ತೀನಿ" ಅನ್ನುತ್ತಿದ್ದರು. ಆಮೇಲೆ ಒಂದು ಬದಿ ತೇಯ್ದು ಬೆಳ್ಳಗೆ ಮಾಡಿದ ಐದು ಹುಣಸೆ ಬೀಜಗಳನ್ನು ಎಸೆಯಬೇಕು. ಮೂರಾದರೂ ಬೆಳ್ಳಗೆ ಬಿದ್ದರೆ ಅಂದುಕೊಂಡಿದ್ದು ಆಯಿತು, ಇಲ್ಲದಿದ್ದರೆ ಪೆಟ್ಟು. ಒಂದೊಂದು ಪಾತ್ರಕ್ಕೂ ಒಂದೊಂದು ಮುತ್ತುಗದ ಎಲೆ. ಮುಂಬದಿಯಲ್ಲಿ ಅದರ ಬಲ, ಹಿಂಬದಿಯಲ್ಲಿ ಅದರ ಕೊರತೆ, ಎರಡನ್ನೂ ಮುಳ್ಳಿನಿಂದ ಗೀರಿರುತ್ತಿದ್ದರು. ಪಾತ್ರ ಸತ್ತರೆ ಆ ಎಲೆಯನ್ನು ಕೆರೆಗೆ ಬಿಡಬೇಕು. ಮೊದಲ ಮಳೆ ಬೀಳುವವರೆಗೂ ಅದರ ಒಡೆಯನಿಗೆ ಆಟವಿಲ್ಲ!

ಕೆಂಚ ಎಂಬ ಮುಂಗುಸಿಗೆ ಈ ಆಟವೆಂದರೆ ಪ್ರಾಣ. ಅವನು ಕತ್ತಿವೀರ. ಬೆಳ್ಳಿ ಎಂಬ ಮೊಲ ಮಂತ್ರವಾದಿ. ಮುಳ್ಳಕ್ಕ ಎಂಬ ಮುಳ್ಳುಹಂದಿ ಗಾಯಕ್ಕೆ ಮದ್ದು ಹಾಕುವವಳು. ರಾಕ್ಷಸನ ಕಲ್ಲರಮನೆಯಿಂದ ಎಂದೂ ಬತ್ತದ ನೀರಿನ ಚಿಲುಮೆಯನ್ನು ಬಿಡಿಸುವ ಕತೆ ಮೂರು ವಾರದಿಂದ ನಡೆದಿತ್ತು. ಇನ್ನೊಂದು ದಿನ ಆಡಿದರೆ ಮುಗಿಯುತ್ತಿತ್ತು.

ಆದರೆ ಕೆಂಚನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಬೆಳ್ಳಿ ಒಂದು ಮಂತ್ರ ಹೇಳಿದರೆ ಬಾಗಿಲು ತೆರೆಯುತ್ತಿತ್ತು. ಇನ್ನೊಂದು ಹೇಳಿದರೆ ಹೊಳೆಗೆ ಸೇತುವೆ ಬೀಳುತ್ತಿತ್ತು. ಇವನದೋ ದಿನಾ ಅದೇ ಕತ್ತಿ, ಅದೇ ಹೊಡೆತ. ಅವಳ ಎಲೆಯ ಮುಂಬದಿ ಅವನಿಗೆ ಬಾಯಿಪಾಠವಾಗಿತ್ತು. ರಾತ್ರಿ ಮಲಗಿದರೂ ಅದೇ ಕಣ್ಣಿಗೆ ಕಟ್ಟುತ್ತಿತ್ತು, ಪಾಪ.

ಆ ದಿನವಂತೂ ಬೆಳ್ಳಿಯ ಮಂತ್ರಗಳೆಲ್ಲ ಮುಗಿದ ಮೇಲೆ, ಅವಳು ಕೈಯಲ್ಲಿದ್ದ ಕೋಲಿನಿಂದಲೇ ರಾಕ್ಷಸನ ಕಾವಲುಗಾರನ ತಲೆಗೊಂದು ಬಿಟ್ಟಳು. ಐದಕ್ಕೆ ಐದೂ ಬೆಳ್ಳಗೆ! ಮುಳ್ಳಕ್ಕ ಕುಣಿದುಬಿಟ್ಟಳು.

ಕೆಂಚನ ಬಾಲ ನೆಟ್ಟಗಾಯಿತು. "ಹೊಡೆಯೋದು ನನ್ನ ಕೆಲಸ! ಅದನ್ನೂ ಇವಳೇ ಮಾಡಿದ್ರೆ ನಾನ್ಯಾಕೆ ಇಲ್ಲಿ? ಇದು ಅನ್ಯಾಯ ಅಜ್ಜ, ಎಲ್ಲರನ್ನೂ ಸಮ ಮಾಡು."

"ಆಗಲಪ್ಪ," ಅಂದ ಚಿಪ್ಪಜ್ಜ. "ನಿನ್ನ ಕತ್ತಿಗೆ ಇನ್ನಷ್ಟು ಬಲ ಕೊಡಲಾ?"

ಕೇಳಿದ್ದು ಸಿಕ್ಕಿತಲ್ಲ, ಹೂಂ ಅನ್ನಬೇಕಿತ್ತು. ಕೆಂಚ ಅನ್ನಲಿಲ್ಲ.

"ನನಗೇನೂ ಬೇಡ. ಅವಳದ್ದು ಇಳಿಸು. ದಿನಕ್ಕೆ ಒಂದೇ ಮಂತ್ರ. ಮತ್ತೆ, ಒಬ್ಬರ ಎಲೆಯಲ್ಲಿರೋ ಕೆಲಸ ಇನ್ನೊಬ್ಬರು ಮುಟ್ಟಬಾರದು."

ಬೆಳ್ಳಿಯ ಕಿವಿಗಳು ಜೋತುಬಿದ್ದವು. "ಕೆಂಚಣ್ಣನಿಗೆ ಅಷ್ಟು ಬೇಜಾರಾದ್ರೆ ಹಾಗೇ ಆಗಲಿ ಬಿಡಿ," ಅಂದಳು.

"ಕತೆ ಮುಗಿಯೋವರೆಗೂ ಈ ನಿಯಮ ಬದಲಾಗಲ್ಲ, ನೆನಪಿರಲಿ," ಅಂದ ಅಜ್ಜ.

"ಬದಲಾಗೋದೇ ಬೇಡ!" ಅಂದ ಕೆಂಚ. ಆ ರಾತ್ರಿ ಅವನಿಗೆ ಸೊಗಸಾದ ನಿದ್ದೆ.

ಮರುದಿನ ಕಲ್ಲರಮನೆಯ ಹೆಬ್ಬಾಗಿಲು ತೆರೆಯುವುದರಲ್ಲೇ ಬೆಳ್ಳಿಯ ಒಂದು ಮಂತ್ರ ಖರ್ಚಾಯಿತು. ಕೆಂಚ ಎದೆಯುಬ್ಬಿಸಿ ಒಳಗೆ ನುಗ್ಗಿದ. ಬೀಜ ಎಸೆದ. ಒಂದೇ ಬೆಳ್ಳಗೆ.

"ಕಾಲ ಕೆಳಗಿನ ಕಲ್ಲು ಜಾರಿತು," ಅಂದ ಚಿಪ್ಪಜ್ಜ. "ಕತ್ತಿವೀರ ಹೊಂಡಕ್ಕೆ ಬಿದ್ದ. ಕಾಲು ಮುರಿದಿದೆ. ಹೆಗಲಲ್ಲಿದ್ದ ಹಗ್ಗ ಮೇಲೆ ಅಂಚಿನಲ್ಲೇ ಉಳಿಯಿತು. ಹೊಂಡದೊಳಗೆ ನೀರು ಏರುತ್ತಿದೆ."

"ಮುಳ್ಳಕ್ಕ, ಮದ್ದು!"

"ಮದ್ದು ಹಾಕೋಕೆ ಕೆಳಗಿಳೀಬೇಕು ಮಾರಾಯ. ಇಳಿಯೋಕೆ ಹಗ್ಗ ಕಟ್ಟಬೇಕು. ಹಗ್ಗದ ಕೆಲಸ ನಿನ್ನ ಎಲೆಯಲ್ಲಿದೆ."

"ಹಾಗಾದ್ರೆ ಬೆಳ್ಳಿ, ನೀನು ಹಗ್ಗ ಬಿಡೇ! ಬೇಗ!"

ಬೆಳ್ಳಿ ಎದ್ದೇ ನಿಂತಿದ್ದಳು. ಅಜ್ಜನ ಮುಖ ನೋಡಿದಳು. ಅಜ್ಜ ಆಗದೆಂದು ತಲೆಯಲ್ಲಾಡಿಸಿದ.

"ಅದು... ನನ್ನ ಎಲೆಯಲ್ಲಿ ಬರೆದಿಲ್ಲ ಕೆಂಚಣ್ಣ."

ಕೆಂಚ ಬೇಡುವಂತೆ ಅಜ್ಜನ ಕಡೆ ತಿರುಗಿದ. ಆದರೆ ನಿಯಮ ಅವನದೇ ತಾನೇ?

ನೀರು ಕತ್ತಿನವರೆಗೆ ಬಂತು. ಆಮೇಲೆ ತಲೆಯೂ ಮುಳುಗಿತು. ಚಿಪ್ಪಜ್ಜ ಎಲೆಗಾಗಿ ಕೈ ಚಾಚಿದ. ಮೂರು ವಾರ ಜೋಪಾನ ಮಾಡಿದ್ದ ಎಲೆ ಕೆರೆಯ ಮೇಲೆ ತೇಲುತ್ತ ದೂರ ಹೋಯಿತು. ಕೆಂಚ ಅದನ್ನೇ ನೋಡುತ್ತ ದಂಡೆಯಲ್ಲಿ ಕೂತುಬಿಟ್ಟ.

ಬೆಳ್ಳಿ ಬಂದು ಪಕ್ಕದಲ್ಲಿ ಕೂತಳು.

"ಖುಷಿಯಾಯ್ತೇನೋ ನಿನಗೆ," ಅಂದ ಕೆಂಚ, ಮುಖ ತಿರುಗಿಸಿ.

ಬೆಳ್ಳಿ ತನ್ನ ಎಲೆಯನ್ನು ಮಗುಚಿ ಅವನ ಮುಂದಿಟ್ಟಳು. ಹಿಂಬದಿಯಲ್ಲಿ ಗೀರಿತ್ತು: 'ಎರಡು ಪೆಟ್ಟು ಬಿದ್ದರೆ ಸಾವು.'

"ಎರಡೇ?" ಅಂದ ಕೆಂಚ. ಅವನ ಪಾತ್ರಕ್ಕೆ ಹನ್ನೆರಡು ಪೆಟ್ಟು ತಾಳುವ ಬಲವಿತ್ತು.

"ಎರಡೇ. ಅದಕ್ಕೇ ನಾನು ಯಾವಾಗ್ಲೂ ನಿನ್ನ ಬೆನ್ನ ಹಿಂದೆ ಅಡಗ್ತಿದ್ದೆ. ಎಲ್ಲರಿಗಿಂತ ಮುಂದೆ ನೀನು ಹೆದರದೆ ನಿಲ್ತಿದ್ದೆಯಲ್ಲ, ಅದನ್ನ ನೋಡಿ ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ನಿನ್ನೆ ಕೋಲೆತ್ತಿ ಹೊಡೆದಿದ್ದೂ ಅದಕ್ಕೇ. ಒಂದು ಸಲವಾದ್ರೂ ನಿನ್ನ ಹಾಗಿರಬೇಕು ಅನ್ನಿಸ್ತು."

ಕೆಂಚನಿಗೆ ನಾಚಿಕೆಯಾಯಿತು. ತುಂಬಾ ನಾಚಿಕೆಯಾಯಿತು. ಮುಂಬದಿ ಬಾಯಿಪಾಠ ಮಾಡಿದವನು ಒಂದು ಸಲವೂ ಎಲೆ ಮಗುಚಿ ನೋಡಿರಲಿಲ್ಲವಲ್ಲ!

ಮುಂದೆ ನಿಲ್ಲುವವನಿಲ್ಲದೆ ಬೆಳ್ಳಿ, ಮುಳ್ಳಕ್ಕ ಇಬ್ಬರೂ ಕಲ್ಲರಮನೆಯಿಂದ ಹಿಂದಿರುಗಬೇಕಾಯಿತು. ಚಿಲುಮೆ ರಾಕ್ಷಸನ ಹತ್ತಿರವೇ ಉಳಿಯಿತು, ಆ ಕತೆ ಅಲ್ಲಿಗೇ ಮುಗಿಯಿತು. ಬೇಸಿಗೆಯಿಡೀ ಕೆಂಚ ದೂರದಲ್ಲಿ ಕೂತು, ಬೀಜ ಉರುಳುವ ಸದ್ದು ಕೇಳುತ್ತಿದ್ದ.

ಮೊದಲ ಮಳೆ ಬಿದ್ದ ದಿನ ಅವನು ಒದ್ದೆ ಮೈಯಲ್ಲೇ ಓಡಿಬಂದ. ಬಾಯಲ್ಲಿ ಹೊಸ ಮುತ್ತುಗದ ಎಲೆ.

"ಈ ಸಲ ಏನಾಗ್ತೀಯಪ್ಪ? ಮಂತ್ರವಾದಿಯಾ?" ಅಂತ ಕೇಳಿದ ಚಿಪ್ಪಜ್ಜ.

"ಕತ್ತಿವೀರನೇ, ಅಜ್ಜ. ಬೆಳ್ಳಿಗೆ ಅವಳ ಮಂತ್ರಗಳನ್ನೆಲ್ಲ ವಾಪಸ್ ಕೊಡು. ಮತ್ತೆ ಎಲ್ಲರ ಎಲೆಯಲ್ಲೂ ಒಂದು ಸಾಲು ಸೇರಿಸು: ಹಗ್ಗ ಯಾರು ಬೇಕಾದ್ರೂ ಎಳೀಬಹುದು."

ನೀತಿ: ಹೊಟ್ಟೆಕಿಚ್ಚಿನಿಂದ ಜೊತೆಗಾರರ ಬಲ ಕುಗ್ಗಿಸುವವನು, ತನ್ನನ್ನು ಮೇಲೆತ್ತಬೇಕಾದ ಕೈಗಳನ್ನೇ ಕಟ್ಟಿಹಾಕುತ್ತಾನೆ.