ಹುತ್ತದ ನೆತ್ತಿಗೆ ಕಿಂಡಿ ಬಂದದ್ದು

ಇದು ಭೂಮಿ ಹೊಸದಾಗಿದ್ದಾಗಿನ ಮಾತು, ಶಿವಲೀಲಾ. ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಸೂರ್ಯನೂ ಹೊಸಬ, ಎಷ್ಟು ಉರಿಯಬೇಕೆಂಬ ಅಂದಾಜು ಅವನಿಗೆ ಸಿಕ್ಕಿರಲಿಲ್ಲ.

ಆಗ ಎಲ್ಲರ ಮನೆಗೂ ಗಾಳಿಯವ್ವನೇ ಬೀಸಣಿಗೆ. ಸೆಕೆಯಾದ ಕೂಡಲೇ ಹುಲಿ ಕರೆಯುತ್ತಿತ್ತು, "ಗಾಳಿಯವ್ವಾ, ಬಾ, ಒಂದೀಟು ಬೀಸು." ಹುಲಿಯ ಗವಿಯಲ್ಲಿ ಬೀಸಿ ಮುಗಿಸುವಷ್ಟರಲ್ಲಿ ಆನೆ ಕರೆಯುತ್ತಿತ್ತು, "ಗಾಳಿಯವ್ವಾ, ಬಾ, ಒಂದೀಟು ಬೀಸು." ಆ ಆನೆಯೋ, ಅವಳನ್ನು ಬೀಸಲು ನಿಲ್ಲಿಸಿ ತಾನು ಹೊಳೆಗೆ ಹೋಗಿಬಿಡುತ್ತಿತ್ತು. ಪಾಪ, ಅವಳು ಖಾಲಿ ಮನೆಗೆ ಬೀಸುತ್ತಲೇ ಇರುತ್ತಿದ್ದಳು. ಫ್ಯಾನು ಹಾಕಿಟ್ಟು ಆಡಲು ಓಡುವ ಹುಡುಗಿಯೊಬ್ಬಳು ನನಗೆ ಗೊತ್ತು. ಹೆಸರು ಹೇಳುವುದಿಲ್ಲ.

ಗಾಳಿಯವ್ವ ಸೊರಗಿ ಕಡ್ಡಿಯಾದಳು. ಅವಳ ನಿಜವಾದ ಕೆಲಸವೇ ಬೇರೆ. ಕಡಲಿಗೆ ಹೋಗಿ ಮೋಡಗಳನ್ನು ಹೊಡೆದುಕೊಂಡು ಬರಬೇಕಿತ್ತು. ಬೀಸುವುದರಲ್ಲೇ ದಿನ ಕಳೆದರೆ ಹೋಗುವುದು ಯಾವಾಗ? ಮಳೆ ತಡವಾಯಿತು. ಮಳೆ ತಡವಾದಂತೆ ಸೆಕೆ ಹೆಚ್ಚಿತು. ಸೆಕೆ ಹೆಚ್ಚಿದಂತೆ ಕರೆಯುವವರೂ ಹೆಚ್ಚಿದರು.

ಆ ಬಯಲಲ್ಲಿ ಗೆದ್ದಲವ್ವ ಇದ್ದಳು. ಮೈ ಬಲು ಮೆತ್ತಗೆ. ಕತ್ತಲಲ್ಲೇ ಬಾಳಿ ಕಣ್ಣಿನ ರೂಢಿ ತಪ್ಪಿತ್ತು. ಅವಳ ಮನೆ ತುಂಬ ಅಕ್ಕಿನುಚ್ಚಿನಂಥ ಮೊಟ್ಟೆಗಳು. ಒಂದು ಮಧ್ಯಾಹ್ನ ಮುಟ್ಟಿ ನೋಡಿದರೆ ಎಲ್ಲವೂ ಬಿಸಿಯಾಗಿದ್ದವು. ಇನ್ನಷ್ಟು ಕಾದರೆ ಒಂದೂ ಉಳಿಯುವುದಿಲ್ಲವೆಂದು ತಾಯಿಯ ಜೀವ ಹೌಹಾರಿತು.

ಅವಳೂ ಗಾಳಿಯನ್ನು ಕರೆಯಲೆಂದೇ ಬಾಗಿಲಿಗೆ ಬಂದಳು. ಗಾಳಿಯವ್ವ ಅಲ್ಲೇ ಜಾಲಿ ಮರದ ಕೆಳಗೆ ಕುಸಿದು ಕೂತಿದ್ದಳು. ಒಂದು ಎಲೆ ಅಲುಗಿಸುವ ಶಕ್ತಿಯೂ ಉಳಿದಿರಲಿಲ್ಲ.

"ನೀನೂ ಕರೀಬೇಕಂತ ಬಂದೇನವ್ವ?" ಎಂದಳು ಗಾಳಿ. "ಕರಿ, ಬರ್ತೀನಿ. ಇಲ್ಲ ಅನ್ನೂದು ನನಗ ಬರೂದಿಲ್ಲ."

ಗೆದ್ದಲವ್ವ ಬಾಗಿಲಿನಿಂದ ಹಿಂದೆ ಸರಿದಳು. "ಇಲ್ಲವ್ವ. ನೀ ದಣದಿ, ಕೂಡು," ಎಂದು ಒಳಗೆ ಹೋದಳು.

ಮಕ್ಕಳಿಗೆ ಹೇಳಿದಳು, "ಬಿಸಲು ಒಳಗ ಬರದಂಗ ಎಲ್ಲಾ ತೂತು ಮುಚ್ರಿ."

ಮಕ್ಕಳು ಮಣ್ಣು ಮೆತ್ತಿ ಮೆತ್ತಿ ಮುಚ್ಚಿದರು. ತಂಪಾಯಿತೇ? ಇನ್ನೂ ಸೆಕೆಯಾಯಿತು. ಬಿಸಿಲೇನೋ ಹೊರಗೇ ಉಳಿದಿತ್ತು. ಆದರೆ ಅಷ್ಟು ಮಕ್ಕಳ ಉಸಿರಿನ ಬಿಸಿ ಒಳಗೇ ಸಿಕ್ಕಿಕೊಂಡಿತ್ತು.

ಆಗ ಗೆದ್ದಲವ್ವನ ಮೀಸೆಗೆ ಏನೋ ತಾಗಿತು. ಮದುವೆಯ ದಿನ ಅವಳು ಕಳಚಿಟ್ಟಿದ್ದ ರೆಕ್ಕೆ. ನೆಲದ ಮೇಲಿದ್ದದ್ದು ತಾನೇ ಎದ್ದು, ಮೆಲ್ಲಗೆ ತೇಲಿ, ಮೇಲೆ ಹೋಗಿ ಸೂರಿಗೆ ಅಂಟಿಕೊಂಡಿತು. ಯಾರೂ ಎತ್ತಿರಲಿಲ್ಲ. ಗೆದ್ದಲವ್ವ ನಿಂತಲ್ಲೇ ಯೋಚಿಸಿದಳು. ಬಿಸಿಯನ್ನು ಯಾರೂ ಬೀಸಿ ಅಟ್ಟಬೇಕಿಲ್ಲ, ಅದು ತಾನಾಗಿಯೇ ಮೇಲೇರುತ್ತದೆ. ಹೊರಗೆ ಹೋಗಲು ಅದಕ್ಕೆ ದಾರಿ ಬೇಕು, ಅಷ್ಟೆ.

"ನೆತ್ತಿ ಒಡೀರಿ," ಎಂದಳು.

ಹುಲಿ ನಕ್ಕಿತು, ಆನೆಯೂ ನಕ್ಕಿತು. "ಇಂಥಾ ಬಿಸಲಾಗ ಯಾರರೆ ಸೂರಿಗೆ ತೂತು ಹಾಕ್ತಾರೇನು?"

ಗೆದ್ದಲವ್ವ ಮಣ್ಣಿಗೆ ಎಂಜಲು ಕಲಸಿ ಗೋಡೆ ದಪ್ಪ ಮಾಡಿಸಿದಳು, ಗೋಪುರ ಎತ್ತಿಸಿದಳು, ನೆತ್ತಿಗೆ ಕಿಂಡಿ ಇಡಿಸಿದಳು. ಕೆಳಗೆ ತಂಪು ಮಣ್ಣು ಸಿಗುವವರೆಗೆ ಸುರಂಗ ಇಳಿಸಿದಳು. ಬಿಸಿ ನೆತ್ತಿಯಿಂದ ಹೊರಟಿತು. ಅದು ಬಿಟ್ಟ ಜಾಗಕ್ಕೆ ನೆಲದಾಳದ ತಂಪು ಏರಿ ಬಂತು. ಮೊಟ್ಟೆಗಳು ತಣ್ಣಗಾದವು. ಆನೆಯ ಬಲ ದೊಡ್ಡದಿರಬಹುದು, ಆದರೆ ನಾನು ಕೈ ಮುಗಿಯುವುದು ಈ ಹುಳುವಿನ ಬುದ್ಧಿಗೆ.

ಮೊದಲು ಬಂದದ್ದು ಹಾವು. "ಯಕ್ಕಾ, ಒಂದು ಮೂಲಿ ಕೊಡ್ತೀಯೇನು?" ಎಂದಿತು. ಗೆದ್ದಲು ಕಟ್ಟಿದ ಮನೆ ಹಾವಿಗಾಯಿತೆಂದು ಜನ ಆಡಿಕೊಳ್ಳುತ್ತಾರೆ. ಆದರೆ ಹಾವು ಅಪ್ಪಣೆ ಕೇಳಿಯೇ ಒಳಗೆ ಬಂದಿತ್ತು. ಹುಲಿ ಗವಿಯ ತಂಪಾದ ಒಳಮೂಲೆ ಹುಡುಕಿಕೊಂಡಿತು. ಆನೆ ನಾಚಿ, ತನ್ನ ಕಿವಿಯನ್ನು ತಾನೇ ಬೀಸಿಕೊಳ್ಳಲು ಕಲಿತಿತು.

ಈಗ ಯಾರೂ ಕರೆಯಲಿಲ್ಲ. ಗಾಳಿಯವ್ವ ಕಣ್ತುಂಬ ನಿದ್ದೆ ಮಾಡಿದಳು. ಎದ್ದು ಕಡಲಿಗೆ ಓಡಿದಳು, ಮೋಡಗಳನ್ನು ತಂದಳು. ಮೊದಲ ಹನಿ ಹುತ್ತದ ಮೇಲೇ ಬಿತ್ತು.

"ನೀನೊಬ್ಬಾಕಿ ನನ್ನ ದುಡಿಸಲಿಲ್ಲ," ಎಂದಳು ಗಾಳಿ. "ಏನು ಕೊಡ್ಲಿ ನಿನಗ?"

"ನನ್ನ ಮಕ್ಕಳ್ನ ಒಂದ್ಸಲ ಎತ್ತಿ ಆಡಸವ್ವ," ಎಂದಳು ಗೆದ್ದಲವ್ವ. "ಕೆಲಸಂತ ಅಲ್ಲ. ನಿನಗೂ ಖುಷಿ ಆಗ್ಲಿ ಅಂತ."

ಅದಕ್ಕೇ ಶಿವಲೀಲಾ, ಇಂದಿಗೂ ಹುತ್ತದ ನೆತ್ತಿ ಬೇಸಿಗೆಯಲ್ಲೂ ಬಾಯಿ ತೆರೆದೇ ಇರುತ್ತದೆ. ಮೊದಲ ಮಳೆ ಬಿದ್ದ ಸಂಜೆ ಗೆದ್ದಲವ್ವನ ಮಕ್ಕಳು ರೆಕ್ಕೆ ಕಟ್ಟಿಕೊಂಡು ಹೊರಗೆ ಬರುತ್ತಾರೆ. ಮರುದಿನ ಬೆಳಿಗ್ಗೆ ನಮ್ಮ ಹೊಸ್ತಿಲಲ್ಲಿ ನೀನು ಗುಡಿಸುವ ರೆಕ್ಕೆಗಳೆಲ್ಲ ಗಾಳಿಯವ್ವನ ಮಡಿಲಲ್ಲಿ ಆಡಿ ದಣಿದ ಆ ಮಕ್ಕಳು ಕಳಚಿಟ್ಟು ಹೋದಂಥವೇ.